ನಳ್ಳಿಯ ಚಿತ್ರಕ್ಕೂ ನೀತಿಸಂಹಿತೆ

ಮತಗಟ್ಟೆಯೊಳಗೆ ಪ್ರಚಾರ ಮಾಡಿದ ಆರೋಪ ಒಂಬತ್ತು ವರ್ಷದ ಮಗುವಿನ ಮೇಲೆ ಬಂದದ್ದನ್ನು ನೀವು ಎಲ್ಲಾದರೂ ಕೇಳಿದ್ದೀರಾ?

ನಾನು ಕಣ್ಣಾರೆ ಕಂಡೆ. ಕಳೆದ ಪಂಚಾಯತ್ ಚುನಾವಣೆಯ ದಿನ, ನಮ್ಮದೇ ಊರಿನ ಶಾಲೆಯಲ್ಲಿ. ಆ ವಾರದ ಅಂಕಣದಲ್ಲೇ ಬರೆಯಬೇಕೆಂದು ಕೂತಿದ್ದೆ. ಸಿಟ್ಟಿನಲ್ಲಿ ಬರೆದರೆ ಯಾರಿಗೋ ಅನ್ಯಾಯವಾಗುತ್ತದೆ ಎಂದು ಅಡುಗೆ ಪುರಾಣ ಏನೋ ಬರೆದು ಕಳಿಸಿದೆ. (ನಿಮ್ಮಲ್ಲಿ ಕೆಲವರು ಅದನ್ನು ಮೆಚ್ಚಿ ಫೋನ್ ಕೂಡ ಮಾಡಿದಿರಿ. ಸಂತೋಷ.) ಈಗ ಸಿಟ್ಟು ಇಳಿದಿದೆ. ಬೇಜಾರು ಮಾತ್ರ ಹಾಗೆಯೇ ಉಂಟು.

ಮಗುವಿನ ಹೆಸರು ದೀಕ್ಷಾ. ನಮ್ಮ ಪಕ್ಕದ ಮನೆಯವಳು. ಅಮ್ಮ ಮಮತಾ ಮನೆಯಲ್ಲೇ ರವಕೆ ಹೊಲಿಯುತ್ತಾಳೆ. ಅಪ್ಪ ಲಾರಿ ಡ್ರೈವರ್, ಮನೆಯಲ್ಲಿರುವ ದಿನಗಳೇ ಕಡಿಮೆ. ದೀಕ್ಷಾಳಿಗೆ ಕಿವಿ ಚೆನ್ನಾಗಿ ಕೇಳುತ್ತದೆ, ಕಣ್ಣು ಬಹಳ ಚುರುಕು. ಮಾತು ಮಾತ್ರ ಇಲ್ಲ. (ನಮ್ಮ ಕಡೆ ಇಂಥ ಮಗು ಎಂದ ಕೂಡಲೇ ಎಲ್ಲರೂ ಕಾರಣ ಹುಡುಕಲು ಹೊರಡುತ್ತಾರೆ. ಯಾವ ತೋಟ, ಅಲ್ಲಿ ಗಿಡಕ್ಕೆ ಹೊಡೆದ ಔಷಧ ಯಾವುದು, ಬಸುರಿಯಾಗಿದ್ದಾಗ ಎಲ್ಲಿದ್ದೆ ಎಂದೆಲ್ಲ. ಮಮತಾ ಉತ್ತರ ಹೇಳಿ ಹೇಳಿ ಸೋತಿದ್ದಾಳೆ. ಇಲ್ಲಿ ನಾನು ಅದನ್ನು ಎತ್ತುವುದಿಲ್ಲ.)

ಮಲಯಾಳ ಆಡಳಿತದ ಈ ಗಡಿನಾಡಿನಲ್ಲಿ ನಮ್ಮೂರಿನದು ಒಂದು ಸಣ್ಣ ಕನ್ನಡ ಶಾಲೆ. ನಾಲ್ಕನೆಯ ಕ್ಲಾಸಿನವರೆಗೆ ಮಾತ್ರ. ದೀಕ್ಷಾ ಅಲ್ಲಿಗೆ ಸೇರಿದ ಹೊಸತರಲ್ಲಿ ಏನಾಗುತ್ತಿತ್ತು ಎಂದು ಮಮತಾಳ ಬಾಯಿಂದಲೇ ಕೇಳಬೇಕು. ಬಾಯಾರಿಕೆಯಾದರೆ ಅಳು. ಹಸಿವಾದರೆ ಅಳು. ಬಾತ್‌ರೂಮಿಗೆ ಹೋಗಬೇಕಾದರೆ ತನ್ನ ಕೈಯನ್ನೇ ಕಚ್ಚಿಕೊಳ್ಳುವುದು. ಯಾವ ಅಳು ಯಾವುದಕ್ಕೆ ಎಂದು ಯಾರಿಗೆ ಗೊತ್ತಾಗಬೇಕು? ಆಗಾಗ ಫ್ರಾಕು ಒದ್ದೆಯಾಗುತ್ತಿತ್ತು. ಉಳಿದ ಮಕ್ಕಳು ಮೂಗು ಮುಚ್ಚಿಕೊಂಡು ದೂರ ಸರಿಯುತ್ತಿದ್ದರು. ಶಾಲೆಯಿಂದ ಫೋನ್ ಬಂದರೆ ಸಾಕು, ಮಮತಾ ಹೊಲಿಗೆ ಮೆಷಿನ್ ಬಿಟ್ಟು ಓಡುತ್ತಿದ್ದಳು.

ಆಗ ಆ ಕ್ಲಾಸಿನ ವಾರಿಜಾ ಟೀಚರ್ ಒಂದು ಉಪಾಯ ಮಾಡಿದರು. ಬಾಗಿಲ ಪಕ್ಕದ ಗೋಡೆಯಲ್ಲಿ, ದೀಕ್ಷಾಳ ಕೈಗೆ ಎಟಕುವಷ್ಟು ಎತ್ತರದಲ್ಲಿ, ತಾವೇ ಬಣ್ಣ ಹಾಕಿದ ಚಿತ್ರಗಳನ್ನು ಅಂಟಿಸಿದರು. ಲೋಟ ಎಂದರೆ ನೀರು. ಬಟ್ಟಲು ಎಂದರೆ ಊಟ. ಆಟೋ ಎಂದರೆ ಮನೆಗೆ. ನಳ್ಳಿ ಎಂದರೆ ಬಾತ್‌ರೂಮ್, ಯಾಕೆಂದರೆ ಆ ಶಾಲೆಯ ಬಾತ್‌ರೂಮಿನ ಎದುರಿಗೇ ಕೈ ತೊಳೆಯುವ ಒಂದು ನಳ್ಳಿ ಉಂಟು, ಅದು ದೀಕ್ಷಾಳಿಗೆ ಗೊತ್ತು. ಪ್ರತಿ ಚಿತ್ರದ ಕೆಳಗೆ ದಪ್ಪ ಕನ್ನಡ ಅಕ್ಷರದಲ್ಲಿ ಒಂದೊಂದು ವಾಕ್ಯ: ನನಗೆ ನೀರು ಬೇಕು. ನನಗೆ ಬಾತ್‌ರೂಮಿಗೆ ಹೋಗಬೇಕು.

ಉಪಾಯ ಸುಲಭ. ಕಲಿಸುವುದು ಸುಲಭವಾ? ಮಳೆಗಾಲ ಪೂರ್ತಿ ಟೀಚರ್ ಅವಳ ಕೈ ಹಿಡಿದು ಚಿತ್ರ ಮುಟ್ಟಿಸಿದರು. ಮುಟ್ಟಿಸಿ ನೀರು ಕೊಟ್ಟರು. ಮುಟ್ಟಿಸಿ ಬಾತ್‌ರೂಮಿಗೆ ಕರೆದುಕೊಂಡು ಹೋದರು. ದೀಪಾವಳಿ ಹತ್ತಿರ ಬರುವಾಗ ಒಂದು ದಿನ ಮಗು ತಾನಾಗಿ ಎದ್ದು ಹೋಗಿ ನಳ್ಳಿಯನ್ನು ಮುಟ್ಟಿ, ತಿರುಗಿ ಟೀಚರ್ ಮುಖ ನೋಡಿತಂತೆ. ಅವತ್ತು ಸಂಜೆ ಮಮತಾ ನಮ್ಮ ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಕ್ಕ, ಇವಳು ಇವತ್ತು ಮಾತಾಡಿದ್ಲು" ಎಂದಳು. ನಾನು ಚಾ ಸೋಸುತ್ತಿದ್ದವಳು ಪಾತ್ರೆ ಕೆಳಗಿಟ್ಟೆ. ಇಬ್ಬರೂ ಅತ್ತೆವು.

ಆಮೇಲೆ ಇಡೀ ಕ್ಲಾಸೇ ಆ ಗೋಡೆಯ ಭಾಷೆ ಕಲಿಯಿತು. "ಟೀಚರ್, ದೀಕ್ಷಾ ಲೋಟ ಮುಟ್ಟಿದ್ಲು!" ಎಂದು ಮೂಲೆಯಿಂದ ಕೂಗುವಷ್ಟು. ಮೂಗು ಮುಚ್ಚಿಕೊಳ್ಳುತ್ತಿದ್ದ ಮಕ್ಕಳೇ ಅವಳ ಕೈ ಹಿಡಿದು ನಡೆಯತೊಡಗಿದರು. ಫ್ರಾಕು ಒದ್ದೆಯಾಗುವುದು ನಿಂತಿತು. ಮಮತಾಳಿಗೆ ದಿನದಲ್ಲಿ ಸ್ವಲ್ಪ ಹೊತ್ತು ತನ್ನದು ಎಂದು ಸಿಕ್ಕಿತು.

ಇಷ್ಟರಲ್ಲಿ ಬಂತು ಚುನಾವಣೆ.

ದೊಡ್ಡ ಚುನಾವಣೆಗಳು ನಮ್ಮಲ್ಲಿ ಹೆಚ್ಚಾಗಿ ಬೇಸಿಗೆ ರಜೆಯಲ್ಲಿ ಬರುತ್ತವೆ. ಶಾಲೆ ಹೇಗೂ ಖಾಲಿ, ಯಾರಿಗೂ ತೊಂದರೆ ಇಲ್ಲ. ಪಂಚಾಯತ್ ಚುನಾವಣೆ ಹಾಗಲ್ಲ, ಪಾಠ ನಡೆಯುವ ಹೊತ್ತಿಗೇ ಬರುತ್ತದೆ. ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್ ಬಿತ್ತು: ಮತಗಟ್ಟೆ ಇರುವುದರಿಂದ ಚುನಾವಣೆಯ ಹಿಂದಿನ ದಿನವೂ ಚುನಾವಣೆಯ ದಿನವೂ ಶಾಲೆಗೆ ರಜೆ. ಕೆಳಗೆ ಹೆಬ್ಬೆರಳು, ನಗುಮುಖ, ಪಟಾಕಿ. ರಜೆ ಎಂದರೆ ಯಾರಿಗೆ ಬೇಡ?

ದೀಕ್ಷಾಳಿಗೆ ಬೇಡ. ಅವಳಿಗೆ ಶನಿವಾರ, ಭಾನುವಾರ ಗೊತ್ತು, ಯಾಕೆಂದರೆ ಶುಕ್ರವಾರವಾದ ಮೇಲೆ ಅವು ಬಂದೇ ಬರುತ್ತವೆ. ವಾರದ ನಡುವೆ ಒಂದು ದಿನ ಇದ್ದಕ್ಕಿದ್ದಂತೆ ಶಾಲೆ ಇಲ್ಲ ಎಂದರೆ ಅದನ್ನು ಅವಳಿಗೆ ಯಾವ ಚಿತ್ರ ತೋರಿಸಿ ಹೇಳುವುದು? ಮೊದಲ ದಿನ ಯೂನಿಫಾರ್ಮ್ ಹಾಕಿ, ಬ್ಯಾಗು ಬೆನ್ನಿಗೇರಿಸಿ, ಮನೆಯ ಗೇಟಿನ ಸರಳು ಹಿಡಿದು ಮಧ್ಯಾಹ್ನದವರೆಗೆ ನಿಂತಳು. ಊಟಕ್ಕೆ ಕರೆದರೆ ಬರಲಿಲ್ಲ. ಎರಡನೆಯ ದಿನವೂ ಯೂನಿಫಾರ್ಮೇ.

ಮಮತಾಳದು ಬೇರೆ ಕಷ್ಟ. ಬೇರೆ ದಿನವಾದರೆ ಮಗಳನ್ನು ಶಾಲೆಗೆ ಬಿಟ್ಟು ಅವಳು ಎಲ್ಲಿಗೆ ಬೇಕಾದರೂ ಹೋಗಬಹುದು. ಓಟಿನ ದಿನ ಮಾತ್ರ ಹೋಗುವ ಹಾಗಿಲ್ಲ, ಯಾಕೆಂದರೆ ಓಟಿಗಾಗಿ ಶಾಲೆ ಮುಚ್ಚಿದೆ. ಮತದಾರರಿಗೆ ಅನುಕೂಲವಾಗಲೆಂದು ಮಾಡಿದ ಏರ್ಪಾಡು ಇದು!

"ನಡೆ ಮಾರಾಯ್ತಿ, ಅವಳನ್ನೂ ಕರ್ಕೊಂಡೇ ಹೋಗುವ. ಶಾಲೆ ಕಂಡ್ರೆ ಅವಳಿಗೂ ಸಮಾಧಾನ ಆಗ್ತದೆ. ನೀನು ಓಟು ಹಾಕುವಾಗ ನಾನು ಹಿಡ್ಕೊಳ್ತೇನೆ" ಎಂದೆ ನಾನು.

ಶಾಲೆಯ ದಾರಿ ಹಿಡಿದ ಕೂಡಲೇ ಮಗುವಿನ ಮುಖ ಅರಳಿತು. ಅಮ್ಮನ ಕೈ ಬಿಡಿಸಿಕೊಂಡು ಮುಂದೆ ಮುಂದೆ ನಡೆದಳು. ಗೇಟಿನ ಬಳಿ ಪೊಲೀಸ್ ನಿಂತಿದ್ದ. ದೀಕ್ಷಾ ಅವನನ್ನು ನೋಡಿ ನಿಂತಳು. ಅಂಗಳದಲ್ಲಿ ಮಕ್ಕಳಿಲ್ಲ, ಬರೀ ದೊಡ್ಡವರು. ಬೆಂಚುಗಳೆಲ್ಲ ಜಗಲಿಯ ಒಂದು ಮೂಲೆಯಲ್ಲಿ ಒಂದರ ಮೇಲೊಂದು. ಅವಳು ಒಂದೊಂದನ್ನೂ ನೋಡುತ್ತಿದ್ದಳು. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು.

ಲೈನು ಉದ್ದ ಇತ್ತು. ಹೆಂಗಸರ ಸಾಲು ಗಂಡಸರ ಸಾಲಿಗಿಂತ ಉದ್ದ. ಎಲ್ಲರೂ ಪರಿಚಯದವರೇ. ತುಳುವಿನಲ್ಲಿ ಯಾರದೋ ಮದುವೆಯ ಮಾತು, ಬ್ಯಾರಿ ಹೆಂಗಸರು ಇಬ್ಬರು ಸೆಕೆ ಎಂದು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಮಗು ಉಂಟಲ್ಲ, ಮುಂದೆ ಹೋಗಿ ಎಂದು ನಾಲ್ಕು ಜನ ಹೇಳಿದರು. ಮಮತಾಳಿಗೆ ಸಂಕೋಚ. "ಬೇಡ, ಅವಳು ನಿಲ್ತಾಳೆ" ಎಂದಳು. ನಿಂತಳು ಕೂಡ. ನಿಂತು ನಿಂತು ಕಾಲು ಬದಲಿಸತೊಡಗಿದಳು. ಬೇಸರ ಬಂದಿರಬೇಕು ಎಂದುಕೊಂಡೆವು.

ಮತಗಟ್ಟೆ ಯಾವ ಕೋಣೆಯಲ್ಲಿ ಅಂದುಕೊಂಡಿರಿ? ದೀಕ್ಷಾಳ ಕ್ಲಾಸಿನಲ್ಲೇ. ಆ ಕೋಣೆಗೆ ಮಾತ್ರ ರ‍್ಯಾಂಪ್ ಇರುವುದು. ನಡೆಯಲಾಗದ ಮತದಾರರಿಗೆ ಅನುಕೂಲ ಎಂದು ಅದನ್ನೇ ಆರಿಸಿದ್ದರು. ಒಳ್ಳೆಯ ಯೋಚನೆಯೇ, ನಾನು ತಪ್ಪು ಹೇಳುವುದಿಲ್ಲ.

ನನ್ನ ಓಟು ಮೊದಲು ಆಯಿತು. ಹೊರಗೆ ಬಂದು ಬಾಗಿಲ ಬಳಿ ಮಗುವಿನ ಕೈ ಹಿಡಿದು ನಿಂತೆ. ಮಮತಾ ಒಳಗೆ ಹೋದಳು. ಒಬ್ಬರು ಹೆಸರು ಓದಿದರು. ಇನ್ನೊಬ್ಬರು ಬೆರಳಿಗೆ ಶಾಯಿ ಹಚ್ಚಿದರು. ಆ ಹೊತ್ತಿಗೆ ಸರಿಯಾಗಿ ನನ್ನ ಕೈಯಿಂದ ದೀಕ್ಷಾ ಜಾರಿದಳು. ಒಳಗೆ ನುಗ್ಗಿ ಸೀದಾ ತನ್ನ ಗೋಡೆಗೆ ಹೋದಳು.

ಗೋಡೆ ಇರಲಿಲ್ಲ. ಅಂದರೆ, ಗೋಡೆಯ ತುಂಬ ಹಳೆಯ ಪೇಪರು ಹಚ್ಚಿದ್ದರು. ಕೆಳಗಿನಿಂದ ಮೇಲಿನವರೆಗೆ, ಮಲಯಾಳಂ ಪೇಪರು.

ಅವಳು ಕೈ ಎತ್ತಿದಳು. ನಳ್ಳಿ ಇದ್ದ ಜಾಗದಲ್ಲಿ ಅಂಗೈ ಇಟ್ಟಳು. ತಿರುಗಿ ನೋಡಿದಳು, ಟೀಚರ್ ಇರಲಿಲ್ಲ. ಮತ್ತೆ ಇಟ್ಟಳು. ಆಮೇಲೆ ಉಗುರು ಹಾಕಿ ಪೇಪರನ್ನು ಎಳೆದಳು. ಅಂಗೈಯಗಲ ಹರಿಯಿತು. ಅಲ್ಲಿ ಹಿತ್ತಾಳೆ ಬಣ್ಣದ ನಳ್ಳಿಯ ಮೂತಿ ಕಾಣಿಸಿತು.

"ಸಾರ್! ಆ ಚಿಹ್ನೆ ಕಾಣ್ತದೆ! ಮುಚ್ಚಿ ಮೊದ್ಲು! ಇದು ಪ್ರಚಾರ ಆಗ್ತದೆ!"

ಕೂಗಿದ್ದು ಒಳಗೆ ಕೂತಿದ್ದ ಪಕ್ಷವೊಂದರ ಏಜೆಂಟ್. ನಮ್ಮೂರಿನವನೇ, ಹೆಸರು ಬೇಡ. ಈಗ ಹೇಳಬೇಕು: ನಮ್ಮ ವಾರ್ಡಿನಲ್ಲಿ ಒಬ್ಬರು ಪಕ್ಷೇತರ ಅಭ್ಯರ್ಥಿ ಇದ್ದರು. ಅವರ ಚಿಹ್ನೆ ನಳ್ಳಿ.

ಪ್ರಿಸೈಡಿಂಗ್ ಆಫೀಸರ್ ಎದ್ದು ಬಂದು ಮಗುವಿನ ಕೈಯನ್ನು ಗೋಡೆಯಿಂದ ತೆಗೆದರು. ಜೋರು ಮಾಡಲಿಲ್ಲ. "ಮೋಳೇ, ಅದು ಮುಟ್ಟಬಾರದು" ಎಂದು ಸ್ವಂತ ಮಗಳಿಗೆ ಹೇಳುವ ಹಾಗೆ ಮಲಯಾಳದಲ್ಲಿ ಮೆಲ್ಲಗೆ ಹೇಳಿದರು. ಮಗು ಮತ್ತೆ ಕೈ ಚಾಚಿತು. ಅವರು ಮತ್ತೆ ತೆಗೆದರು, ಹರಿದ ಜಾಗಕ್ಕೆ ತಮ್ಮ ಅಂಗೈಯನ್ನೇ ಅಡ್ಡ ಇಟ್ಟರು. ನನಗೆ ಆಗ ಹೊಳೆಯಿತು. "ಸಾರೇ, ಅವಳಿಗೆ ಬಾತ್‌ರೂಮಿಗೆ..." ಎಂದು ಮಲಯಾಳದಲ್ಲಿ ಬಾಗಿಲಿನಿಂದ ಶುರು ಮಾಡಿದೆ. ವಾಕ್ಯ ಮುಗಿಯಲಿಲ್ಲ.

ಯೂನಿಫಾರ್ಮಿನ ಕೆಳಗಿನಿಂದ ನೀರು ಇಳಿದು ನೆಲದಲ್ಲಿ ಹರಡಿತು.

ಬಾಗಿಲಲ್ಲಿ ಲೈನಿನವರು ಇಣುಕುತ್ತಿದ್ದರು. ದೀಕ್ಷಾ ಅಳಲಿಲ್ಲ. ತನ್ನ ಕೈಯನ್ನು ಬಾಯಿಗೆ ಕೊಂಡುಹೋಗಿ ಕಚ್ಚಿದಳು. ಗೋಡೆಯ ಭಾಷೆ ಸಿಕ್ಕಿದ ಮೇಲೆ ಬಿಟ್ಟಿದ್ದ ಅಭ್ಯಾಸ ಅದು.

ಮಮತಾ ಓಡಿ ಬಂದಳು. ಮಗಳ ಕೈಯನ್ನು ಹಲ್ಲಿನಿಂದ ಬಿಡಿಸಿದಳು. ಹೆಗಲ ಮೇಲಿನ ಶಾಲನ್ನು ತೆಗೆದು ನೆಲಕ್ಕೆ ಹಾಕಿ ಒರೆಸತೊಡಗಿದಳು. "ಬೇಡ, ಬೇಡ" ಎಂದರು ಆಫೀಸರ್. ಅವಳು ಕೇಳಲಿಲ್ಲ. ಒರೆಸಿ, ಶಾಲನ್ನು ಮುದ್ದೆ ಮಾಡಿ ಹಿಡಿದು, ಮಗಳನ್ನು ಎತ್ತಿಕೊಂಡು ಹೊರಗೆ ನಡೆದಳು. ಆ ಪ್ರಾಯದ ಮಗುವನ್ನು ಎತ್ತಿಕೊಂಡು ನಡೆಯುವುದು ಸುಲಭವಲ್ಲ. ಹಿಂದಿನಿಂದ ಆಫೀಸರ್ ಕರೆದರು, "ಓಟು? ಓಟು ಹಾಕಿ ಹೋಗಿ!" ಅವಳು ತಿರುಗಿ ನೋಡಲಿಲ್ಲ.

ಬೆರಳಿಗೆ ಶಾಯಿ ಬಿದ್ದಿತ್ತು. ಓಟು ಬೀಳಲಿಲ್ಲ.

ಈ ಕಥೆಯಲ್ಲಿ ಕಳ್ಳ ಯಾರು? ನಾನು ಹುಡುಕಿದೆ, ಸಿಗಲಿಲ್ಲ. ಆಫೀಸರ್ ಜಿಲ್ಲೆಯ ತೆಂಕು ತುದಿಯವರು, ಅಲ್ಲಿ ಬರೀ ಮಲಯಾಳ. ಸಂಜೆ ಮನಸ್ಸು ತಡೆಯದೆ ನಾನು ಮತ್ತೆ ಶಾಲೆಯ ಕಡೆ ಹೋದಾಗ ಅವರು ಜಗಲಿಯಲ್ಲಿ ಒಬ್ಬರೇ ನಿಂತು ಚಾ ಕುಡಿಯುತ್ತಿದ್ದರು. ನನ್ನನ್ನು ಕಂಡು ತಾವಾಗಿ ಹತ್ತಿರ ಬಂದರು. ಗೋಡೆಯ ಕಥೆಯನ್ನು ನಾನು ಅವರಿಗೆ ಹೇಳಿದೆ. ಅವರು ಚಾದ ಲೋಟವನ್ನು ಕೆಳಗಿಟ್ಟರು. ಆಮೇಲೆ ಹೇಳಿದರು: "ಕೆಳಗೆ ಏನೋ ಬರೆದದ್ದು ಕಂಡಿತ್ತು ಟೀಚರೇ. ನನಗೆ ಕನ್ನಡ ಓದಲು ಬರುವುದಿಲ್ಲ. ಚಿತ್ರ ಮಾತ್ರ ನೋಡಿದೆ. ಲೋಟ ಉಂಟು, ಆಟೋ ಉಂಟು, ನಳ್ಳಿ ಉಂಟು. ಎಲ್ಲ ಚಿಹ್ನೆಗಳೇ ಎಂದು ಕಂಡಿತು." (ನಾನು ಟೀಚರ್ ಅಲ್ಲ. ನಮ್ಮಲ್ಲಿ ಕನ್ನಡಕ ಹಾಕಿದ ಹೆಂಗಸರೆಲ್ಲ ಟೀಚರೇ.)

ದಯವಿಟ್ಟು ಇದರಲ್ಲಿ ಭಾಷೆಯ ಜಗಳ ಹುಡುಕಬೇಡಿ. ಆ ಮನುಷ್ಯನ ಕಣ್ಣು ಒದ್ದೆಯಾಗಿತ್ತು. ಮತಗಟ್ಟೆಯಲ್ಲಿ ಯಾವ ಅಭ್ಯರ್ಥಿಯ ಚಿಹ್ನೆಯೂ ಕಾಣಬಾರದು ಎಂಬುದು ನಿಯಮ. ಅವರು ಅದನ್ನು ಪಾಲಿಸಿದರು. ಪಾಲಿಸದಿದ್ದರೆ ಅದೇ ಏಜೆಂಟ್ ದೂರು ಕೊಡುತ್ತಿದ್ದ, ನಾನೇ ಅದರ ಬಗ್ಗೆ ಒಂದು ಖಾರದ ಅಂಕಣ ಬರೆಯುತ್ತಿದ್ದೆ.

ಆ ಏಜೆಂಟ್ ಕೂಡ ಮರುದಿನ ನಮ್ಮ ಮನೆಗೆ ಬಂದ. ಮಮತಾಳ ಮನೆಗೆ ಹೋಗಲು ಧೈರ್ಯ ಬರಲಿಲ್ಲವಂತೆ. ಅಂಗಳದಲ್ಲೇ ನಿಂತು, "ಅಕ್ಕ, ನಾನು ಅವಳನ್ನು ಕಾಣದವನಾ? ದಿನಾ ಶಾಲೆಗೆ ಹೋಗುದು ಕಾಣ್ತೇನೆ. ಆದ್ರೆ ಆ ಹೊತ್ತಿಗೆ ನನಗೆ ಅದು ನಳ್ಳಿ ಅಂತ ಕಂಡದ್ದೇ ಇಲ್ಲ. ಚಿಹ್ನೆ ಅಂತಲೇ ಕಂಡದ್ದು" ಎಂದ. ಕೂತುಕೋ ಎಂದೆ. ಕೂರಲಿಲ್ಲ.

ಹಾಗಾದರೆ ಆ ಗೋಡೆಯ ಅರ್ಥ ಬಲ್ಲ ವಾರಿಜಾ ಟೀಚರ್ ಎಲ್ಲಿದ್ದರು? ಚುನಾವಣಾ ಡ್ಯೂಟಿಯಲ್ಲಿ! ನಮ್ಮ ಟೀಚರ್‌ಗಳನ್ನು ಅವರವರ ಶಾಲೆಯಲ್ಲಿ ಹಾಕುವುದಿಲ್ಲ. ಪಕ್ಷಪಾತ ಆಗಬಾರದಲ್ಲ. ತೆಂಕಿನ ಮೇಷ್ಟ್ರು ನಮ್ಮ ಶಾಲೆಗೆ, ನಮ್ಮ ಟೀಚರ್ ತೆಂಕಿನ ಯಾವುದೋ ಶಾಲೆಗೆ. ಪ್ರತಿಯೊಂದು ಶಾಲೆಯಲ್ಲೂ ಆ ದಿನ ಆ ಶಾಲೆಯನ್ನು ಬಲ್ಲವರೇ ಇರುವುದಿಲ್ಲ. ಬೀಗ, ಸ್ವಿಚ್ಚು, ನೀರಿನ ಪಂಪು ಯಾವುದೆಲ್ಲಿ ಎಂದು ಬರೆದಿಟ್ಟು ಹೋಗುತ್ತಾರೆ. ಈ ಗೋಡೆಯನ್ನು ಮುಚ್ಚಬೇಡಿ ಎಂದು ಬರೆದಿಡಲು ಯಾರಿಗೂ ತೋಚುವುದಿಲ್ಲ.

ರಜೆ ಮುಗಿದು ಶಾಲೆ ತೆರೆದ ಬೆಳಿಗ್ಗೆ ನಾನೂ ಮಮತಾಳ ಜೊತೆ ಹೋದೆ. ವಾರಿಜಾ ಟೀಚರ್ ತಮ್ಮ ಊರು ಬೋವಿಕಾನದಿಂದ ಮೊದಲ ಬಸ್ಸಿಗೇ ಬಂದಿದ್ದರು. ವಿಷಯ ಅವರ ಕಿವಿಗೆ ಆಗಲೇ ಬಿದ್ದಿತ್ತು. ಒದ್ದೆ ಬಟ್ಟೆ ಹಿಡಿದು ಪೇಪರನ್ನು ಮೆತ್ತಗೆ ಬಿಡಿಸುತ್ತಿದ್ದರು. ಅಂಟು ಗಟ್ಟಿ. ಪೇಪರಿನೊಟ್ಟಿಗೆ ಚಿತ್ರವೂ ಎದ್ದು ಬರುತ್ತಿತ್ತು. ಲೋಟ ಅರ್ಧ ಹೋಯಿತು. ನಳ್ಳಿ ಪೂರ್ತಿ ಹೋಯಿತು.

ಮಮತಾಳ ಮುಖ ನೋಡಿ ಅವರು ಬಟ್ಟೆ ಕೆಳಗಿಟ್ಟರು. "ನಾನೂ ಅಲ್ಲಿ ಗೋಡೆಗೆ ಪೇಪರ್ ಹಚ್ಚಿದ್ದೇನೆ ಮಮತಾ. ಒಂದನೇ ಕ್ಲಾಸಿನ ಕೋಣೆ ಅದು. ಎಂತೆಂತದೋ ಚಿತ್ರ ಇತ್ತು. ಯಾವ ಮಗುವಿದ್ದು ಅಂತ ನಾನೂ ಕೇಳ್ಳಿಲ್ಲ" ಎಂದರು. ಮಮತಾಳೇ ಅವರ ಬೆನ್ನು ಸವರಿದಳು.

ಟೀಚರ್ ಹೊಸ ಚಿತ್ರ ಮಾಡಿದರು. ಮೊದಲಿಗಿಂತ ಚಂದದ್ದು. ಅದೇ ಜಾಗ, ಅದೇ ಬಣ್ಣ, ಅದೇ ವಾಕ್ಯ. ದೀಕ್ಷಾ ಬಾಗಿಲಿನವರೆಗೆ ಬಂದಳು. ಹೊಸ್ತಿಲಲ್ಲಿ ನಿಂತು ಗೋಡೆಯನ್ನು ನೋಡಿದಳು. ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು. ಒಳಗೆ ಹೆಜ್ಜೆ ಇಡಲಿಲ್ಲ.

ಇವತ್ತಿಗೂ ಇಟ್ಟಿಲ್ಲ. ಜಗಲಿಯಲ್ಲಿ ಅವಳಿಗೆಂದು ಒಂದು ಸಣ್ಣ ಬೆಂಚು ಹಾಕಿದ್ದಾರೆ. ಅಲ್ಲಿ ಕೂರುತ್ತಾಳೆ. ಹೊರಗಿನ ಗೋಡೆಯಲ್ಲೂ ಚಿತ್ರ ಅಂಟಿಸಿ ನೋಡಿದರು. ಕೈ ಬೆನ್ನ ಹಿಂದಿನಿಂದ ಬರುವುದಿಲ್ಲ. ಫ್ರಾಕು ಮತ್ತೆ ಒದ್ದೆಯಾಗುತ್ತದೆ. ಶಾಲೆಯಿಂದ ಮತ್ತೆ ಫೋನ್ ಬರುತ್ತದೆ, ಮಮತಾ ಮತ್ತೆ ಓಡುತ್ತಾಳೆ. ಟೀಚರ್ ಬಿಟ್ಟಿಲ್ಲ, ದಿನಾ ಪಕ್ಕದಲ್ಲಿ ಕೂತು ತಾವೇ ಚಿತ್ರ ಮುಟ್ಟಿ ತೋರಿಸುತ್ತಾರೆ. ಸರಿಯಾಗಬಹುದು. ಸರಿಯಾಗಲಿ ಎಂದು ನಾನೂ ಹರಕೆ ಹೊತ್ತಿದ್ದೇನೆ. ಆದರೆ ಒಮ್ಮೆ ಮಾತು ಸಿಕ್ಕಿ, ಅದು ಯಾರಿಗೂ ಕೇಳದೆ ಹೋದ ಮಗು ಮತ್ತೆ ಯಾಕೆ ಮಾತಾಡಬೇಕು, ಹೇಳಿ.

ಎರಡು ದಿನದ ರಜೆಗೆ ಇಷ್ಟೊಂದು ಬರೆಯಬೇಕಾ ಎಂದು ನಿಮ್ಮಲ್ಲಿ ಒಬ್ಬರಾದರೂ ಕೇಳುತ್ತೀರಿ. (ನಮ್ಮ ಮನೆಯವರು ಆಗಲೇ ಕೇಳಿದ್ದಾರೆ.) ಚುನಾವಣೆ ಬೇಡ ಎಂದು ನಾನು ಹೇಳುತ್ತಿಲ್ಲ. ಶಾಲೆ ಎಲ್ಲರಿಗೂ ಗೊತ್ತಿರುವ ಜಾಗ, ಗೋಡೆ ಉಂಟು, ಗೇಟು ಉಂಟು, ಬಾತ್‌ರೂಮ್ ಉಂಟು ಎನ್ನುತ್ತಾರೆ ಅಧಿಕಾರಿಗಳು. ಒಪ್ಪಿದೆ. ಆದರೆ ಪಂಚಾಯತಿನ ಸಾಂಸ್ಕೃತಿಕ ನಿಲಯ ಎಂದು ಕಟ್ಟಿಸಿ ಬೀಗ ಹಾಕಿಟ್ಟದ್ದು ಯಾವುದಕ್ಕೆ? ಮದುವೆಯಿಲ್ಲದ ದಿನ ಹಾಲ್‌ಗಳು ಖಾಲಿ ಬಿದ್ದಿರುವುದಿಲ್ಲವೇ? ಬ್ಯಾಂಕಿನ ಮೇಲಿನ ಸಭಾಂಗಣ? ಒಮ್ಮೆಯಾದರೂ ಆ ಕಡೆ ಹುಡುಕಿದ್ದೇವಾ? ಶಾಲೆ ಸಿಗುತ್ತದೆ, ಯಾಕೆಂದರೆ ಅಲ್ಲಿರುವವರು ಬೇಡ ಎನ್ನುವುದಿಲ್ಲ. ಅವರಿಗೆ ಓಟಿಲ್ಲ.

ಶಾಲೆಯೇ ಬೇಕು ಎಂದಾದರೂ ಸರಿ. ಕೋಣೆ ತೆಗೆದುಕೊಳ್ಳುವ ಮೊದಲು ಇಲ್ಲಿ ಯಾವ ಮಕ್ಕಳು ಕೂರುತ್ತಾರೆ, ಯಾವುದನ್ನು ಮುಟ್ಟಬಾರದು ಎಂದು ಆ ಕ್ಲಾಸಿನ ಟೀಚರ್ ಹತ್ತಿರ ಒಂದು ಮಾತು ಕೇಳಬಹುದಲ್ಲ. ಒಂದು ಪರದೆ ಕಟ್ಟಿದ್ದರೂ ಸಾಕಿತ್ತು. ಮದುವೆಗೆ ಪಕ್ಕದ ಮನೆಯಿಂದ ಚೆಂಬು ತಂದರೂ ನಾವು ತೊಳೆದು ಹಿಂದೆ ಕೊಡುವ ಜನ. ಮಕ್ಕಳಿಂದ ಕಡ ತಂದ ಕೋಣೆಗೆ ಆ ಮರ್ಯಾದೆಯೂ ಇಲ್ಲವೇ?

ಮೊನ್ನೆ ಮಮತಾ ಬೇಲಿಯ ಆಚೆ ಬಟ್ಟೆ ಒಗೆಯುತ್ತಿದ್ದಳು. ಯೂನಿಫಾರ್ಮ್‌ಗಳು ಬಕೆಟ್ ತುಂಬ ಇದ್ದವು. ಬೇಸಿಗೆಯಲ್ಲಿ ವಿಧಾನಸಭೆಗೆ ಓಟು ಉಂಟಂತೆ ಎಂದು ಮಾತು ಬಂತು. "ಈ ಸಲ ರಜೆಯಲ್ಲೇ ಬರುದು, ಶಾಲೆಗೆ ತೊಂದರೆ ಇಲ್ಲ. ದೀಕ್ಷಾಳನ್ನು ನಮ್ಮಲ್ಲಿ ಬಿಟ್ಟು ನೀನು ಆರಾಮವಾಗಿ ಹೋಗಿ ಓಟು ಹಾಕಿ ಬಾ" ಎಂದೆ.

ಅವಳು ಹಿಂಡುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದು ಕೇಳಿದಳು: "ನಮ್ಮ ಮಗು ಇನ್ನೂ ಆ ಕೋಣೆಯ ಒಳಗೆ ಹೋಗುದಿಲ್ಲ ಅಕ್ಕ. ನಾನು ಮಾತ್ರ ಹೋಗಿ ಓಟು ಹಾಕಿ ಬರುದಾ?"

ಮತದಾನ ಪವಿತ್ರ ಕರ್ತವ್ಯ ಎಂದು ಅವಳಿಗೆ ಹೇಳಿ ಬರುವವರು ಯಾರು, ನೀವೋ ನಾನೋ?